ಹನ್ನೆರಡನೇ ಉಸಿರು

ನಮ್ಮ ಯಜಮಾನರಿಗೆ ನೃತ್ಯದವರು ಇಟ್ಟ ಹೆಸರು ಮುಕ್ಕಾಲಿ. ಕ್ಯಾಮೆರಾ ಕೂರಿಸುವ ಮೂರು ಕಾಲಿನ ಸ್ಟ್ಯಾಂಡಿನ ಪಕ್ಕ ನಿಂತರೆಂದರೆ ಅದು ಯಾವುದು ಇವರು ಯಾವುದು ಎಂದು ತಿಳಿಯುವುದಿಲ್ಲ. ಸೊಳ್ಳೆ ಕಚ್ಚಿದರೂ ಕೈ ಅಲ್ಲಾಡಿಸುವವರಲ್ಲ. ಮನೆಯಲ್ಲಿ ಈ ಗುಣ ಇಲ್ಲ. ಒಂದು ಲೋಟ ಚಹಾ ಮುಗಿಸುವುದರೊಳಗೆ ನಾಲ್ಕು ಸಲ ಎದ್ದು ಓಡಾಡುತ್ತಾರೆ. ಇಪ್ಪತ್ತೆಂಟು ವರ್ಷ ಜೊತೆಗೆ ಬಾಳಿದವಳು ನಾನು, ಅವರ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ. ಹೊಗಳುತ್ತೇನೆ ಎಂದುಕೊಳ್ಳಬೇಡಿ. ಹೊಗಳಿದರೆ ಅವರು ಎದ್ದು ಹೋಗಿಬಿಡುತ್ತಾರೆ, ಹೊಗಳಲು ನನಗೂ ಬರುವುದಿಲ್ಲ.

ಮೊದಲು ಅವರು ಮದುವೆ ವಿಡಿಯೋ ಮಾಡುತ್ತಿದ್ದರು. ಮದುಮಗಳು ನಕ್ಕರೆ ಪರದೆಯ ತುಂಬ ಗುಲಾಬಿ ಉದುರಬೇಕು, ಮದುಮಗ ತಿರುಗಿ ನೋಡಿದರೆ ಚಿತ್ರ ನಿಧಾನವಾಗಬೇಕು. ಅದರಲ್ಲಿ ಅವರದು ಎತ್ತಿದ ಕೈ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ, ಈಗಲೂ ಹೊಲಿಯುತ್ತೇನೆ. ನೃತ್ಯದ ಟೀಚರ್ ನಮ್ಮ ಮನೆಗೆ ಮೊದಲ ಸಲ ಬಂದದ್ದು ನನ್ನನ್ನು ಹುಡುಕಿಕೊಂಡು, ಅವರನ್ನಲ್ಲ. ಇದನ್ನು ಎಲ್ಲರೂ ಮರೆಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ.

ಟೀಚರ್ ಕಲಿಸುತ್ತಿದ್ದದ್ದು ಹೊಸ ಬಗೆಯ ನೃತ್ಯ. ಒಡವೆಯಿಲ್ಲ, ಬಣ್ಣವಿಲ್ಲ, ಕಥೆಯೂ ಇಲ್ಲ. ಕಪ್ಪು ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ, ಓಡುತ್ತಾರೆ, ಒಬ್ಬರ ಮೇಲೊಬ್ಬರು ಒರಗುತ್ತಾರೆ, ಬೀಳುತ್ತಾರೆ. ಅವರಿಗೆ ಬೇಕಾಗಿದ್ದದ್ದು ಎಷ್ಟು ಬಗ್ಗಿದರೂ ಹರಿಯದ ಪ್ಯಾಂಟು. ತೊಡೆಯ ಸಂದಿಗೆ ಚೌಕದ ತುಂಡು ಸೇರಿಸಿ ಹೊಲಿದುಕೊಟ್ಟೆ. ಹಾಕಿಕೊಂಡು ನಮ್ಮ ಹಜಾರದಲ್ಲೇ ಒಂದು ಸಲ ಬಿದ್ದು ಎದ್ದರು. ನಾನು ಹಿಡಿಯಲು ಓಡಿದೆ. "ಹೆದರಬೇಡಿ, ನಮ್ಮ ಕೆಲಸಾನೇ ಬೀಳೋದು," ಎಂದು ನಕ್ಕರು. ಹೊರಡುವಾಗ, ನಿಮ್ಮ ಯಜಮಾನರು ನಮ್ಮದೊಂದು ವಿಡಿಯೋ ಮಾಡಿಕೊಡುತ್ತಾರಾ ಎಂದು ಕೇಳಿದರು. ಬಾಯಿ ಮುಚ್ಚಿಕೊಂಡಿರದೆ ನಾನೇ ಒಪ್ಪಿಕೊಂಡೆ.

ಆ ಮೊದಲ ವಿಡಿಯೋವನ್ನು ಟೀಚರ್ ನೋಡಿದ್ದು ನನ್ನ ಇಸ್ತ್ರಿ ಮೇಜಿನ ಪಕ್ಕ ನಿಂತುಕೊಂಡು.

"ಪಾದ ಎಲ್ಲಿ?" ಎಂದರು ಮುಗಿದ ಮೇಲೆ.

"ಮುಖ ಚೆನ್ನಾಗಿ ಬಂದಿದೆ ಮೇಡಂ," ಎಂದರು ಇವರು.

"ಮುಖಕ್ಕೆ ನಾನೇನೂ ಕಲಿಸಿಲ್ಲ ಸ್ವಾಮಿ. ಕಲಿಸಿದ್ದೆಲ್ಲ ಪಾದಕ್ಕೆ, ಬೆನ್ನಿಗೆ. ಅದನ್ನೇ ಆಚೆ ಬಿಟ್ಟಿದ್ದೀರಲ್ಲ! ಮತ್ತೆ ಈ ಜೂಮ್ ಯಾಕೆ? ಯಾರಾದ್ರೂ ಅಳ್ತಾ ಕೂತಿದ್ರೆ ಓಡಿಹೋಗಿ ಮೂಗಿಗೆ ಮೂಗು ತಾಗಿಸಿ ನೋಡ್ತೀರಾ? ದೂರ ನಿಂತು ನೋಡಿ. ಹತ್ತಿರ ಬರಬೇಡಿ."

ಇನ್ನು ಆ ಹೆಂಗಸಿನ ಸಹವಾಸ ಬೇಡ ಎಂದು ಇವರು ಅಂದು ಊಟ ಬಿಟ್ಟರು. ಮರುದಿನ ಬೆಳಿಗ್ಗೆ ಕ್ಯಾಮೆರಾ ಇಲ್ಲದೆ, ಬರಿಗೈಯಲ್ಲಿ ಅವರ ಅಭ್ಯಾಸ ನೋಡಲು ಹೋದರು.

ಹೀಗೆ ಶುರುವಾಗಿ ಹದಿನಾಲ್ಕು ವರ್ಷ. ಗುಲಾಬಿ ಉದುರುವುದು ನಿಂತಿತು, ಮದುವೆಗಳೂ ಒಂದೊಂದಾಗಿ ತಪ್ಪಿದವು. ಅಡುಗೆಮನೆ ಪಕ್ಕದ ಸಾಮಾನು ಕೋಣೆ ಎಡಿಟಿಂಗ್ ಕೋಣೆಯಾಯಿತು. ಎರಡು ಪರದೆ, ಒಂದು ಕುಂಟು ಕುರ್ಚಿ, ಬಾಗಿಲ ಬದಲು ನಾನು ಹೊಲಿದ ಕರಿ ಪರದೆ. ಅವರು ತಮ್ಮದೇ ಒಂದು ಲೆಕ್ಕ ಕಂಡುಕೊಂಡಿದ್ದರು. ಕುಣಿಯುವವರ ಬೆನ್ನು ನೋಡಿ ಉಸಿರು ಎಣಿಸುವುದು. ಉಸಿರು ಎಳೆದುಕೊಳ್ಳುವಾಗ ಕತ್ತರಿ ಹಾಕಿದರೆ ನೋಡುವವರಿಗೆ ಉಸಿರು ಕಟ್ಟುತ್ತದಂತೆ. ಬಿಟ್ಟ ಮೇಲೆ ಹಾಕಿದರೆ ಕತ್ತರಿಸಿದ್ದೇ ಗೊತ್ತಾಗುವುದಿಲ್ಲವಂತೆ. ಪ್ರತಿ ನೃತ್ಯವನ್ನೂ ಅಭ್ಯಾಸದಲ್ಲಿ ಮೂರು ಸಲ ಸುಮ್ಮನೆ ನೋಡಿ, ಎಲ್ಲಿ ಎಷ್ಟು ಉಸಿರು ಎಂದು ಚೀಟಿಯಲ್ಲಿ ಬರೆದುಕೊಂಡು ಬಂದು ಗೋಡೆಗೆ ಅಂಟಿಸುತ್ತಿದ್ದರು. ನಾನು ಬಟ್ಟೆಯ ಅಳತೆ ಬರೆದ ಚೀಟಿಗಳೂ ಅದೇ ಗೋಡೆಯಲ್ಲಿ. ಒಂದು ಸಲ ಅವರ ಚೀಟಿ ನೋಡಿಕೊಂಡು ಒಬ್ಬಳಿಗೆ ಹದಿನೆಂಟು ಅಂಗುಲದ ಸೊಂಟದ ಪ್ಯಾಂಟು ಹೊಲಿದಿದ್ದೆ. ಟೀಚರ್ ಬಿದ್ದುಬಿದ್ದು ನಕ್ಕಿದ್ದರು.

ಟೀಚರಿಗೆ ಒಬ್ಬಳೇ ಮಗಳು, ಪುಟ್ಟಿ. ಹೆಸರಿಗಷ್ಟೇ ಪುಟ್ಟಿ, ಈಗ ಇಪ್ಪತ್ಮೂರು ವರ್ಷ, ಅಮ್ಮನಿಗಿಂತ ಗೇಣುದ್ದ ಎತ್ತರ. ಅಮ್ಮನ ತಂಡದಲ್ಲೇ ಕುಣಿಯುವವಳು. ಅವಳಿಗೆ ಇವರು ಮುಕ್ಕಾಲಿ ಮಾವ, ನಾನು ಅತ್ತೆ.

ಟೀಚರ್ ಕೊನೆಯದಾಗಿ ಕಟ್ಟಿದ ನೃತ್ಯದ ಹೆಸರು "ನೆಲ". ಅದರ ಕೊನೆಗೆ ಎಲ್ಲರೂ ಒಳಗೆ ಹೋಗುತ್ತಾರೆ, ಸಂಗೀತ ನಿಲ್ಲುತ್ತದೆ, ಟೀಚರ್ ಒಬ್ಬರೇ ನಮಗೆ ಬೆನ್ನು ಮಾಡಿ ನೆಲದ ಮೇಲೆ ಒರಗುತ್ತಾರೆ. ಹಾಗೇ ಹನ್ನೊಂದು ಉಸಿರು. ಹನ್ನೊಂದನೆಯದು ಬಿಟ್ಟ ಮೇಲೆ ಬಲಗೈ ಮೆಲ್ಲಗೆ ಏಳುತ್ತದೆ. ಲೈಟಿನವರು ಆ ಕೈಯನ್ನೇ ಕಾಯುತ್ತಿರುತ್ತಾರೆ. ಕೈ ಎದ್ದರೆ ದೀಪ ಆರಿಸಬೇಕು. ಅಭ್ಯಾಸದಲ್ಲಿ ಒಂದು ಸಲವೂ ಅದು ಹತ್ತಾಗಲಿಲ್ಲ, ಹನ್ನೆರಡಾಗಲಿಲ್ಲ ಎಂದು ಇವರು ಹೆಮ್ಮೆಯಿಂದ ಹೇಳುತ್ತಿದ್ದರು, ತಾವೇ ಕುಣಿದವರ ಹಾಗೆ.

ಪ್ರದರ್ಶನ ಒಂದು ಸಂಜೆ, ಎಂಬತ್ತು ಕುರ್ಚಿಯ ಪುಟ್ಟ ಸಭಾಂಗಣದಲ್ಲಿ. ನಾನು ಕೊನೆಯ ಸಾಲಿನಲ್ಲಿ, ಕ್ಯಾಮೆರಾ ಪಕ್ಕದಲ್ಲೇ ಕೂತಿದ್ದೆ. ಟೀಚರ್ ಒರಗಿದರು. ನನಗೆ ಉಸಿರು ಎಣಿಸಲು ಬರುವುದಿಲ್ಲ. ಹೊತ್ತು ಹೋಗುತ್ತಿದೆ ಎಂದು ಮಾತ್ರ ಗೊತ್ತಾಯಿತು. ಒಬ್ಬರೂ ಕೆಮ್ಮಲಿಲ್ಲ. ಇವತ್ತು ಎಷ್ಟು ಚೆನ್ನಾಗಿ ಮಲಗಿದ್ದಾರಲ್ಲ ಎಂದು ನನ್ನ ಕಣ್ಣಲ್ಲಿ ನೀರು ಬಂತು. ಇವರ ಕೈ ಕ್ಯಾಮೆರಾದ ಮೇಲೆ ನಿಧಾನವಾಗಿ ತಿರುಗಿದ್ದನ್ನು ಕಂಡೆ, ಏನೆಂದು ತಿಳಿಯಲಿಲ್ಲ. ಟೀಚರ್ ಕೈ ಏಳಲಿಲ್ಲ, ದೀಪ ಆರಲಿಲ್ಲ. ಯಾರೋ ಮುಗಿಯಿತೆಂದುಕೊಂಡು ಚಪ್ಪಾಳೆ ಶುರು ಮಾಡಿದರು, ಎಲ್ಲರೂ ಸೇರಿಕೊಂಡರು. ಆ ಚಪ್ಪಾಳೆಯ ನಡುವೆ ಪುಟ್ಟಿ ವೇದಿಕೆಯ ಪಕ್ಕದಿಂದ ಓಡಿ ಬಂದಳು, "ಅಮ್ಮಾ" ಎಂದು ಕೂಗಿಕೊಂಡಳು.

ಮೆದುಳಿನಲ್ಲಿ ರಕ್ತನಾಳ ಒಡೆದಿತ್ತು. ಮೂರನೇ ದಿನ ಹೋಗಿಬಿಟ್ಟರು. ಎರಡು ಮೂರು ನಿಮಿಷ ಮುಂಚೆ ಕರೆತಂದಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ಡಾಕ್ಟರ್ ಎಲ್ಲರೆದುರೇ ಹೇಳಿದರು. ಇವರು ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಆಸ್ಪತ್ರೆಯ ಗೋಡೆಗೆ ಒರಗಿ ನಿಂತೇ ಇದ್ದರು.

ತಿಂಗಳು ಕಳೆದ ಮೇಲೆ ಪುಟ್ಟಿ ಫೋನ್ ಮಾಡಿದಳು. "ಅತ್ತೆ, ಅಮ್ಮನ ನೃತ್ಯ ನೋಡಬೇಕು. ಭಾನುವಾರ ಬರ್ತೀನಿ ಅಂತ ಮಾವಂಗೆ ಹೇಳಿ."

ಅಂದಿನಿಂದ ಅವರಿಗೆ ನಿದ್ದೆಯಿಲ್ಲ, ಅನ್ನ ಸೇರದು. ಕರಿ ಪರದೆ ಎಳೆದುಕೊಂಡು ಕೂರುವುದು, ಮಾತಾಡಿಸಿದರೆ ಸಿಡುಕುವುದು. ಶನಿವಾರ ಮಧ್ಯಾಹ್ನ ನನಗೂ ತಲೆ ಕೆಟ್ಟಿತು. ಪರದೆ ಸರಿಸಿ ಒಳಗೆ ಹೋದೆ.

"ಏನ್ರೀ ಇದು ನಿಮ್ಮ ಅವತಾರ? ಕೆಲಸ ಮುಗೀತಾ ಇಲ್ವಾ?"

"ಮುಗೀತು. ಹನ್ನೊಂದನೇ ಉಸಿರಿಗೆ ಕತ್ತರಿ ಹಾಕಿ ಕಪ್ಪು ಮಾಡಿದ್ದೀನಿ. ಮಿಕ್ಕಿದ್ದನ್ನ ಅಳಿಸಿಬಿಡ್ತೀನಿ."

"ಮಿಕ್ಕಿದ್ದು ಅಂದ್ರೆ?"

ಅವರು ತೋರಿಸಿದರು. ಟೀಚರ್ ಒರಗಿದ್ದಾರೆ, ಇಡೀ ವೇದಿಕೆ ಕಾಣುತ್ತಿದೆ, ಬೆನ್ನು ಏರುತ್ತಿದೆ ಇಳಿಯುತ್ತಿದೆ. ಇವರು ಬೆರಳು ಮಡಿಸುತ್ತ ಎಣಿಸಿದರು. ಹನ್ನೊಂದಾಯಿತು. ಹನ್ನೆರಡಕ್ಕೆ ಚಿತ್ರ ಟೀಚರ್ ಕಡೆಗೆ ಸರಿಯತೊಡಗಿತು. ನಿಧಾನವಾಗಿ, ಬಹಳ ನಯವಾಗಿ ಹತ್ತಿರ, ಇನ್ನೂ ಹತ್ತಿರ, ಬೆನ್ನೊಂದೇ ಪರದೆಯ ತುಂಬ. ನಾನು ಹೊಲಿದ ಅಂಗಿಯ ಹಿಂದಿನ ಹೊಲಿಗೆ ಕೂಡ ಕಾಣುತ್ತಿತ್ತು.

"ಹದಿನಾಲ್ಕು ವರ್ಷದಲ್ಲಿ ನಾನು ಜೂಮ್ ಮಾಡಿರಲಿಲ್ಲ ಕಣೇ," ಎಂದರು. "ಹನ್ನೆರಡಾಯ್ತು ಅಂತ ಗೊತ್ತಾಯ್ತು. ಆ ಸಭೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ. ಕೂಗಬೇಕಾಗಿತ್ತು. ಹೊಸದೇನೋ ಮಾಡ್ತಿದ್ದಾರೆ, ಎಷ್ಟು ಚೆನ್ನಾಗಿದೆ ಅನ್ನಿಸ್ತು. ಹತ್ತಿರ ಹೋದೆ. ಎರಡು ನಿಮಿಷ ನಲವತ್ತು ಸೆಕೆಂಡು, ಸಾಯೋರನ್ನ ಚಂದವಾಗಿ ತೆಗೀತಾ ಕೂತಿದ್ದೆ."

ಸಮಾಧಾನ ಹೇಳೋಣವೆಂದರೆ ಮಾತು ಸಿಗಲಿಲ್ಲ, ಸಿಟ್ಟು ಮಾತ್ರ ಸಿಕ್ಕಿತು. "ಅಳಿಸಿದ್ರೆ ನೋಡಿ ಮತ್ತೆ," ಎಂದೆ. "ಅದು ಅವಳ ಅಮ್ಮನ ಉಸಿರು. ಅಳಿಸೋಕೆ ನೀವ್ಯಾರು?"

ಭಾನುವಾರ ಪುಟ್ಟಿ ಬಂದಳು. ಮಗು ಅರ್ಧಕ್ಕರ್ಧ ಇಳಿದುಹೋಗಿತ್ತು. ಕುಂಟು ಕುರ್ಚಿಯಲ್ಲಿ ಅವಳನ್ನು ಕೂರಿಸಿ ಇವರು ಹಿಂದೆ ನಿಂತರು, ನಾನು ಬಾಗಿಲ ಕರಿ ಪರದೆಯ ಬಳಿ ನಿಂತೆ. ಐವತ್ತೆರಡು ನಿಮಿಷ ಅವಳು ಕಣ್ಣು ಮಿಟುಕಿಸದೆ ನೋಡಿದಳು. ಹನ್ನೊಂದನೇ ಉಸಿರಿಗೆ ಪರದೆ ಕಪ್ಪಾಯಿತು.

"ಕೈ ಎಲ್ಲಿ ಮಾವ?"

ಇವರು ಕಂಪ್ಯೂಟರ್ ಆರಿಸಲು ಕೈ ಚಾಚಿದರು.

"ಕೈ ಏಳಲಿಲ್ಲ ಅಂತ ನಂಗೂ ಗೊತ್ತಲ್ಲ. ಮುಂದಿಂದು ತೋರಿಸಿ."

"ಬೇಡ ಪುಟ್ಟಿ. ಅದು ನೃತ್ಯ ಅಲ್ಲ."

"ತೋರಿಸಿ ಮಾವ."

ಇವರು ನನ್ನ ಮುಖ ನೋಡಿದರು. ನಾನು ಮುಖ ತಿರುಗಿಸಲಿಲ್ಲ. ಅಳಿಸದೆ ಉಳಿಸಿದ್ದನ್ನು ಹಾಕಿದರು. ಚಿತ್ರ ಮುಂದೆ ಸರಿಯತೊಡಗಿದ ಕೂಡಲೇ ಪುಟ್ಟಿ ನೆಟ್ಟಗೆ ಕೂತಳು. ಅಮ್ಮನ ಮಾತು ಅವಳಿಗೆ ಗೊತ್ತಿಲ್ಲದ್ದೇ? ಹತ್ತಿರ ಬರಬೇಡಿ ಎಂಬುದನ್ನು ಕೇಳುತ್ತಲೇ ಬೆಳೆದವಳು.

"ಹನ್ನೆರಡಕ್ಕೆ ಜೂಮ್ ಮಾಡಿದ್ದೀರಿ," ಎಂದಳು.

"ಹೌದಮ್ಮ."

"ಅಂದ್ರೆ ನಿಮಗೆ ಗೊತ್ತಾಗಿತ್ತು."

"ಗೊತ್ತಾಗಿತ್ತು. ಚೆನ್ನಾಗಿದೆ ಅಂತ ನೋಡ್ತಾ ಇದ್ದೆ. ನಾನು ಕೂಗಲಿಲ್ಲ ಪುಟ್ಟಿ. ನಿಮ್ಮಮ್ಮನ್ನ..." ಮುಂದೆ ಹೇಳಲಾಗಲಿಲ್ಲ, ಮುಖ ಮುಚ್ಚಿಕೊಂಡರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ, ಅವರ ಅಪ್ಪ ಹೋದಾಗಲೂ.

ಪುಟ್ಟಿ ಬೈಯುತ್ತಾಳೆ, ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ತಿರುಗಿಯೂ ನೋಡದೆ ಪರದೆಯ ಮೇಲಿನ ಬೆನ್ನನ್ನೇ ನೋಡುತ್ತಿದ್ದಳು. ಚಪ್ಪಾಳೆ ಶುರುವಾಯಿತು. ಆಮೇಲೆ ಚಿತ್ರದೊಳಗೆ ಅವಳದೇ ಎರಡು ಪಾದಗಳು ಓಡಿ ಬಂದವು.

"ಮೂವತ್ತೊಂದು," ಎಂದಳು. "ಮೂವತ್ತೊಂದು ಉಸಿರು ಆದ್ಮೇಲೆ ಬಂದಿದ್ದೀನಿ ನಾನು. ಪಕ್ಕದಲ್ಲೇ ನಿಂತಿದ್ದೆ ಮಾವ. ನಾನೂ ಎಣಿಸ್ತಿದ್ದೆ. ಹನ್ನೆರಡಾಯ್ತು ಅಂತ ನಂಗೂ ಗೊತ್ತಾಯ್ತು. ಈಗ ಓಡಿಹೋಗಿ ನೃತ್ಯ ಹಾಳು ಮಾಡಿದ್ರೆ ಅಮ್ಮ ಬೈತಾರೆ ಅಂತ ನಿಂತೆ. ಎಷ್ಟು ಹೊತ್ತು ನಿಂತಿದ್ದೆ ಅಂತ ತಿಳ್ಕೊಬೇಕಿತ್ತು. ಅದಕ್ಕೇ ಬಂದಿದ್ದು. ಗೊತ್ತಿದ್ದವಳು ನಾನೊಬ್ಬಳೇ ಅಂದ್ಕೊಂಡಿದ್ದೆ."

ಇಬ್ಬರೂ ಮಕ್ಕಳ ಹಾಗೆ ಅತ್ತರು. ನಾನೇನು ಕಲ್ಲೇ? ನಾನೂ ಅತ್ತೆ. ಆಮೇಲೆ ಮೂವರಿಗೂ ಅನ್ನ ಬಡಿಸಿದೆ. ಎಷ್ಟೋ ದಿನದ ಮೇಲೆ ಅವರು ತಟ್ಟೆ ಖಾಲಿ ಮಾಡಿದ್ದು ಅಂದೇ.

ವರ್ಷ ಕಳೆದ ಮೇಲೆ ಪುಟ್ಟಿ "ನೆಲ"ವನ್ನು ಮತ್ತೆ ಕಟ್ಟಿದಳು, ಅಮ್ಮನ ಜಾಗದಲ್ಲಿ ತಾನೇ ನಿಂತಳು. ಅಮ್ಮನ ಪ್ಯಾಂಟನ್ನೇ ಬಿಚ್ಚಿ ನಾಲ್ಕು ಬೆರಳು ಉದ್ದ ಮಾಡಿಕೊಟ್ಟೆ. ವಿಡಿಯೋ ಮಾಡಲಾರೆ ಎಂದು ಇವರು ಹಟ ಹಿಡಿದರು. "ನೀವು ಮಾಡದಿದ್ರೆ ನಾನು ಕುಣಿಯಲ್ಲ," ಎಂದು ಅವಳೂ ಹಟ ಹಿಡಿದಳು. ಗೆದ್ದದ್ದು ಅವಳು. ಮೂರು ದಿನ ಅಭ್ಯಾಸ ನೋಡಿ ಬಂದು ಗೋಡೆಗೆ ಚೀಟಿ ಅಂಟಿಸಿದರು. ಕೊನೆಯ ಸಾಲಿನಲ್ಲಿ ಹನ್ನೊಂದು ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು.

ಅದೇ ಸಭಾಂಗಣ, ಅದೇ ಕೊನೆಯ ಸಾಲು. ಪುಟ್ಟಿ ನಮಗೆ ಬೆನ್ನು ಮಾಡಿ ಒರಗಿದಳು. ಸಂಗೀತ ನಿಂತಿತು. ಪಕ್ಕದಲ್ಲಿ ಇವರ ತುಟಿ ಅಲ್ಲಾಡುವುದು ಕಾಣುತ್ತಿತ್ತು; ಬರಬರುತ್ತಾ ಬೇಗ ಬೇಗ ಅಲ್ಲಾಡತೊಡಗಿತು. ಅವಳ ಬೆನ್ನು ನಿಧಾನವಾಗಿಯೇ ಏರಿಳಿಯುತ್ತಿತ್ತು. ಗಾಬರಿಯಲ್ಲಿ ಈ ಮಹಾನುಭಾವರು ತಮ್ಮ ಉಸಿರನ್ನೇ ಎಣಿಸುತ್ತಿದ್ದರು. ನಾನು ತೋಳು ಹಿಡಿಯುವುದರೊಳಗೆ ಕ್ಯಾಮೆರಾ ಬಿಟ್ಟು ಕುರ್ಚಿಗಳ ನಡುವೆ ಓಡಿದರು. ಸೊಳ್ಳೆ ಕಚ್ಚಿದರೂ ಅಲ್ಲಾಡದ ಮನುಷ್ಯ, ಯಾರದೋ ಚೀಲ ಎಡವಿಕೊಂಡು, "ಪುಟ್ಟಿ! ಪುಟ್ಟಿ!" ಎಂದು ಕೂಗುತ್ತ ವೇದಿಕೆಯ ಅಂಚಿಗೆ ಹೋಗಿ ನಿಂತರು. ಆಗ ಕೈ ಎದ್ದಿತು. ದೀಪ ಆರಿತು.

ಮಾರನೆಯ ದಿನ ಪರದೆಯಲ್ಲಿ ನೋಡಿದರೆ ಕೊನೆಗೆ ಇವರ ಬೆನ್ನು, ಬೋಳು ತಲೆ. ಪುಟ್ಟಿಯ ಕೈ ಕಾಣುವುದೇ ಇಲ್ಲ, ಅದು ಎದ್ದದ್ದು ಸರಿಯಾಗಿ ಆ ತಲೆಯ ಹಿಂದೆ. ಕ್ಯಾಮೆರಾ ಹಿಡಿದವರು ತಾವೇ ಚಿತ್ರಕ್ಕೆ ಅಡ್ಡ ಬರುವುದೆಂದರೆ ಅವರ ವೃತ್ತಿಯಲ್ಲಿ ಅದಕ್ಕಿಂತ ನಾಚಿಕೆ ಬೇರೆ ಇಲ್ಲವಂತೆ. ಕೊನೆಯ ಅಭ್ಯಾಸದ ದಿನ ತೆಗೆದದ್ದಿದೆ, ಅದರಿಂದ ಕೊನೆಯ ತುಂಡನ್ನು ತಂದು ಜೋಡಿಸುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದು ತಲೆ ತಗ್ಗಿಸಿ ಹೇಳಿದರು.

ಪುಟ್ಟಿ ಆ ಬೋಳು ತಲೆಯನ್ನು ಮೂರು ಸಲ ಹಿಂದೆ ಮುಂದೆ ಮಾಡಿ ನೋಡಿದಳು. ಆಮೇಲೆ ಅವರ ಕೈಯನ್ನು ಕೀಲಿಮಣೆಯಿಂದ ಎತ್ತಿ ಪಕ್ಕಕ್ಕಿಟ್ಟಳು.

"ಕತ್ತರಿ ಹಾಕಿದ್ರೆ ನೋಡಿ ಮಾವ," ಎಂದಳು. "ನೀವು ಬಂದ್ರಲ್ಲ, ಅದು ಇರಲಿ."