ಅಕ್ಕ ಮತ ಕೇಳದ ಮನೆ

ಕಾರವಾರದ ನಮ್ಮ ವಾರ್ಡಿನ ಸದಸ್ಯೆಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಯಾರು ಏನು ಕಷ್ಟ ಹೇಳಿಕೊಂಡು ಹೋದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಹೆದರೂದು ಎಂತಕ್ಕೆ? ನಾ ಇದ್ನಲ್ಲ" ಎನ್ನುತ್ತಿದ್ದರು. ಕೊರೊನಾ ಕಾಲದಲ್ಲಿ ಮನೆಯವರೇ ಮುಟ್ಟಲು ಅಂಜಿದ ಹೆಣಗಳನ್ನು ಆಂಬುಲೆನ್ಸಿಗೆ ಎತ್ತಿ, ಸ್ಮಶಾನದಲ್ಲಿ ಬೆಂಕಿಯಿಟ್ಟವರು ಅವರೇ.

ಎರಡನೇ ಸಲ ಚುನಾವಣೆಗೆ ನಿಂತಾಗ ಪ್ರಚಾರಕ್ಕೆ ನಾನೂ ಜೊತೆಗಿದ್ದೆ. ಕೊರೊನಾದಲ್ಲಿ ತೀರಿಕೊಂಡು, ಅಕ್ಕನೇ ಬೆಂಕಿಯಿಟ್ಟಿದ್ದ ಮುದುಕರೊಬ್ಬರ ಮನೆಗೆ ಹೋದೆವು. ಮಗ ಗೇಟು ತೆರೆಯಲಿಲ್ಲ.

"ಅಕ್ಕಾ, ನಿಮ್ಮನ್ನ ಕಂಡ್ರೆ ಅಪ್ಪನ ಹತ್ರ ನಾ ಹೋಗ್ದೇ ಇದ್ದದ್ದು ನೆನಪಾಗ್ತದೆ. ನೀವು ಬರೂದು ಬೇಡ" ಎಂದ.

ಅಕ್ಕ ಮತ ಕೇಳದೆ ತಿರುಗಿದರು. ಅಂಥ ಮನೆಗಳು ವಾರ್ಡಿನಲ್ಲಿ ಬಹಳ ಇದ್ದವು. ಅವರು ಸೋತರು. ಎಣಿಕೆ ಮುಗಿದು ಮನೆಗೆ ಬರುವಾಗ ಆಟೋದಲ್ಲಿ ನನ್ನ ಕೈ ಹಿಡಿದು ಕೇಳಿದರು: "ಹಾಗಾರೆ ಆ ಹೆಣ ಎಲ್ಲ ಅಲ್ಲೇ ಬಿಡ್ಬೇಕಾಗಿತ್ತಾ?"