ಹಾಲಿನ ಜ್ಞಾನಸ್ನಾನ

ನಮ್ಮೂರಿನ ಕ್ರೈಸ್ತ ಮಕ್ಕಳೆಲ್ಲ ನೀರಿನಲ್ಲಿ ಜ್ಞಾನಸ್ನಾನ ಪಡೆದವರು. ನಾನು ಹಾಲಿನಲ್ಲಿ. ಈ ಜಂಬವನ್ನು ನನ್ನ ತಲೆಗೇರಿಸಿದವಳು ನಮ್ಮ ಆಯಿ, ಅಪ್ಪನ ತಾಯಿ. ಯಾರಾದರೂ ನನ್ನ ಕರಿ ಬಣ್ಣವನ್ನು ಆಡಿಕೊಂಡರೆ, "ಮೈ ಕರ್ರಗಿದ್ರ ಏನಾತು, ನೆತ್ತಿ ಹಾಲಿಂದದ" ಎಂದು ಅವರ ಬಾಯಿ ಮುಚ್ಚಿಸುತ್ತಿದ್ದಳು.

ನಿಜಾಮರ ಕಾಲ ಅದು. ಕೊಹೀರಿನಲ್ಲಿ ರೈಲಿಳಿದು ಎತ್ತಿನ ಗಾಡಿ ಹಿಡಿದರೆ ಹೊತ್ತೇರುವಷ್ಟರಲ್ಲಿ ನಮ್ಮೂರು. ಈಗ ಕಣ್ಣು ಮುಚ್ಚಿದರೆ ಊರು ಪೂರಾ ಕಾಣುವುದಿಲ್ಲ. ಕೆಂಪು ಧೂಳು ಎದ್ದಿರುತ್ತದೆ, ಅದರೊಳಗಿಂದ ಒಂದೊಂದೇ ಹೊರಗೆ ಬರುತ್ತವೆ: ಪೇರಲ ತೋಟದ ವಾಸನೆ, ಮಣ್ಣಿನ ಗೋಡೆಯ, ಯೇಸುವಿನ ಸಣ್ಣ ಗುಡಿ, ಮೊಣಕಾಲೂರಿದರೆ ತಣ್ಣಗೆ ಕೊರೆಯುವ ಅದರ ತಾಂಡೂರು ಕಲ್ಲಿನ ನೆಲ. ಆಮೇಲೆ ಆಯಿ ಬರುತ್ತಾಳೆ. ಅವಳಿಗೆ ಮಾತ್ರ ಧೂಳು ಹತ್ತುವುದಿಲ್ಲ.

ನಾನು ಹುಟ್ಟಿದ ದಿನ ನನ್ನ ಹಿಂದೆಯೇ ಒಬ್ಬ ತಮ್ಮನೂ ಹುಟ್ಟಿದ. ಇಬ್ಬರೂ ಬೊಗಸೆಯಲ್ಲಿ ಹಿಡಿಯುವಷ್ಟು ಇದ್ದೆವಂತೆ, ಉಳಿಯುವ ಆಸೆ ಯಾರಿಗೂ ಇರಲಿಲ್ಲ. ಫಾದರ್ ನಮ್ಮ ಕಡೆ ಬರುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ ಸಲ. ಅವರಿಲ್ಲದಾಗ ಜಪ ಹೇಳಿಕೊಡುತ್ತಿದ್ದ ಉಪದೇಶಿ ಎಲ್ಲರಿಗೂ ಒಂದು ಮಾತು ಕಲಿಸಿದ್ದರು: ಕೂಸು ಸಾಯುವಂತಿದ್ದರೆ ಯಾರಾದರೂ ಸರಿ, ನೆತ್ತಿಗೆ ನೀರು ಹೊಯ್ದು ಪಿತನ, ಸುತನ, ಪವಿತ್ರಾತ್ಮನ ಹೆಸರಿನಲ್ಲಿ ಜ್ಞಾನಸ್ನಾನ ಕೊಡಬಹುದು. ಆಯಿ ಆ ಮಾತುಗಳನ್ನು ಒಂದಕ್ಷರ ತಪ್ಪದೆ ಕಲಿತಿದ್ದಳು. ಆದರೆ ಅವಳು ಹುಟ್ಟಿ ಬೆಳೆದದ್ದು ಶಿವಪೂಜೆಯ ಮನೆಯಲ್ಲಿ. ಅಲ್ಲಿ ಲಿಂಗಕ್ಕೆ ನೀರು ದಿನದ್ದು, ಹಾಲು ದೊಡ್ಡ ದಿನದ್ದು. ದೇವರ ಮನೆಗೆ ಹೊರಟ ಕೂಸುಗಳಿಗೆ ಬರೀ ನೀರೇ ಎಂದು ಅವಳ ಜೀವ ಕೇಳಲಿಲ್ಲ. ನಮ್ಮ ಮನೆಯಲ್ಲಿ ಹಾಲೆಲ್ಲಿಂದ ಬರಬೇಕು? ಮನೆಮನೆ ಅಲೆದು, ಕಾಡಿ ಬೇಡಿ ಒಂದು ಗಿಂಡಿ ತಂದು ಇಬ್ಬರ ನೆತ್ತಿಗೂ ಹೊಯ್ದಳು. ತಮ್ಮ ಆ ದಿನವೇ ಹೋದ. ನಾನು ಉಳಿದೆ, ಇನ್ನೂ ಉಳಿದೇ ಇದ್ದೇನೆ.

ಊರಿಗೆಲ್ಲ ಈ ಕಥೆ ಗೊತ್ತಿತ್ತು. ಯಾರಿಗೂ ಅನುಮಾನ ಬರಲಿಲ್ಲ, ಹಾಲು ನೀರಿಗಿಂತ ಮೇಲಲ್ಲವೇ! ಆಮೇಲೆ ಬಂದ ಫಾದರ್, ಜ್ಞಾನಸ್ನಾನದ ಮಾತು ಸರಿಯಾಗಿ ಹೇಳಿದಿರಾ ಎಂದು ಕೇಳಿದರಂತೆ. ಏನು ಹೊಯ್ದಿರಿ ಎಂದು ಕೇಳಲಿಲ್ಲ.

ಜ್ಞಾನಸ್ನಾನವಾಗಿ ಸತ್ತ ಕೂಸು ನೇರ ಸ್ವರ್ಗಕ್ಕೆ ಹೋಗುತ್ತದೆ. ಆಯಿಗೆ ಇದು ಜೋಳ ಬಿತ್ತಿದರೆ ಜೋಳ ಬರುವಷ್ಟೇ ಖಾತ್ರಿ. ದಿನಾ ಸಂಜೆ ಜಪಸರ ಮುಗಿದ ಮೇಲೆ ಅವಳು ಮಾಡಿನ ಕಡೆ ಮುಖ ಎತ್ತಿ ತಮ್ಮನ ಜತೆ ಮಾತಾಡುತ್ತಿದ್ದಳು. "ಮಗಾ, ನೀ ದೇವರ ಬಾಜುಕ ಇದ್ದಿ. ಅಪ್ಪನ ಕೆಮ್ಮು ಕಡಿಮಿ ಮಾಡಾಕ ಹೇಳು." ಅವನ ಗೋರಿ ಗುಡಿಯ ಹಿಂದಿನ ಬೇಲಿಯೊಳಗೆ, ಬೇವಿನ ಕೆಳಗಿತ್ತು. ಜ್ಞಾನಸ್ನಾನವಿಲ್ಲದೆ ಹೋದ ಕೂಸುಗಳು ಬೇಲಿಯ ಹೊರಗೆ ಮಲಗಿದ್ದವು. ಅವುಗಳ ತಾಯಂದಿರನ್ನು ಕಂಡರೆ ಆಯಿಗೆ ಕರುಳು ಚುರ್ ಎನ್ನುತ್ತಿತ್ತು.

ಹಾಲುಹಲ್ಲು ಉದುರುವ ವಯಸ್ಸಿಗೆ ನನ್ನ ಮೊದಲ ಪರಮಪ್ರಸಾದದ ದಿನ ಗೊತ್ತಾಯಿತು. ಹಿಂದಿನ ರಾತ್ರಿಯಿಂದ ಉಪವಾಸ, ಒಂದು ಹನಿ ನೀರೂ ಇಲ್ಲ. ಹಸಿವಿಗೆ ತಲೆ ಹಗುರಾಗಿ ಮುಂಜಾನೆಯ ಬೆಳಕೆಲ್ಲ ನನಗಾಗಿಯೇ ತೇಲಿಬರುತ್ತಿದೆ ಅನ್ನಿಸಿತ್ತು. ಪಾಪನಿವೇದನೆಗೆ ಪೇರಲ ಕದ್ದದ್ದು, ಸುಳ್ಳು ಹೇಳಿದ್ದು ಎಲ್ಲ ಬಾಯಿಪಾಠ ಮಾಡಿಕೊಂಡಿದ್ದೆ. ಆ ಸಲ ಬಂದವರು ಹೊಸ ಫಾದರ್, ಹೊರದೇಶದವರು, ಪುಸ್ತಕ ಓದಿ ಕಲಿತ ಕನ್ನಡ. ಆಯಿ ನನ್ನನ್ನು ಅವರ ಮುಂದೆ ನಿಲ್ಲಿಸಿ ಹೆಮ್ಮೆಯಿಂದ ಹೇಳಿದಳು: "ಇಕಿಗಿ ನಾನೇ ಜ್ಞಾನಸ್ನಾನ ಕೊಟ್ಟೀನ್ರಿ. ಹಾಲಿಲೆ!"

ಫಾದರ್ ಕೂತಲ್ಲಿಂದ ಎದ್ದರು. "ನೀರು ಬೆರೆಸಿದ್ದಿರಾ?"

"ನೀರ ಬೆರಸಾಕ ನಾ ಏನ್ ಹಾಲು ಮಾರೋ ಗೌಳಗಿತ್ತೇನ್ರಿ? ಚೊಕ್ಕ ಹಾಲು."

ಫಾದರ್ ಮೆಲ್ಲಗೆ ವಿವರಿಸಿದರು. ಜ್ಞಾನಸ್ನಾನ ನೀರಿನಿಂದಲೇ ಆಗಬೇಕು, ಹಾಲಿನಿಂದ ಆಗದು. ಆದರೂ ಹೆದರಬೇಡಿ, ಹುಡುಗಿಗೆ ಈಗಲೇ ಕೊಡುತ್ತೇನೆ. ಬಾವಿಯ ನೀರು ತಂದರು, ನೆತ್ತಿಗೆ ಹೊಯ್ದರು, ಅದು ಕತ್ತಿನಿಂದ ಬೆನ್ನಿಗಿಳಿದು ನನ್ನ ಬಿಳಿ ಲಂಗ ತೋಯಿಸಿತು. ಪಾಪಗಳನ್ನು ಹೇಳಲು ಬಾಯಿ ತೆರೆದರೆ ಅವರು ನಕ್ಕರು. ಜ್ಞಾನಸ್ನಾನದಲ್ಲಿ ಎಲ್ಲ ತೊಳೆದುಹೋಯಿತು, ಹೇಳುವುದು ಏನೂ ಉಳಿದಿಲ್ಲ ಎಂದರು. ಕಷ್ಟಪಟ್ಟು ಜೋಡಿಸಿಕೊಂಡ ಪಾಪಗಳು ಹಾಗೇ ವ್ಯರ್ಥವಾದವು. ಬಲಿಪೂಜೆಯಲ್ಲಿ ನಾಲಿಗೆಯ ಮೇಲೆ ಪರಮಪ್ರಸಾದದ ತೆಳ್ಳನೆ ರೊಟ್ಟಿ ಇಟ್ಟರು. ರುಚಿಯೇ ಇಲ್ಲದೆ, ಕರಗಿದ್ದು ತಿಳಿಯದೆ ಕರಗಿತು. ಕಣ್ಣು ತೆರೆದು ನೋಡಿದರೆ ಆಯಿ ಇರಲಿಲ್ಲ.

ಪೂಜೆ ಮುಗಿದ ಮೇಲೆ ಹುಡುಕಿದರೆ ಬೇವಿನ ಕೆಳಗಿದ್ದಳು. ನನಗೆ ಹೊಯ್ದು ಮಿಕ್ಕಿದ್ದ ನೀರಿನ ತಂಬಿಗೆ ಅವಳ ಕೈಯಲ್ಲಿತ್ತು. ಹೊಯ್ದಿರಲಿಲ್ಲ, ಸುಮ್ಮನೆ ಹಿಡಿದುಕೊಂಡು ನಿಂತಿದ್ದಳು. ನನ್ನ ಹಿಂದೆಯೇ ಫಾದರ್ ಬಂದರು.

"ಇವನಿಗೂ ಹಾಲೇ ಹಾಕಿದ್ದೆನ್ರಿ" ಎಂದಳು ಆಯಿ. "ಈಗ ನೀರ ಹೊಯ್ದ್ರ ಮುಟ್ಟತದೇನ್ರಿ?"

"ಸತ್ತವರಿಗೆ ಜ್ಞಾನಸ್ನಾನ ಇಲ್ಲ, ತಾಯಿ."

"ಹಂಗಾದ್ರ ಇವನ್ನ ಬೇಲಿ ಹೊರಗ ಹಾಕತೀರೇನು?"

"ಇಲ್ಲ. ಯಾರೂ ಮುಟ್ಟುವುದಿಲ್ಲ."

"ಅಂವ ಎಲ್ಲಿದ್ದಾನ್ರಿ?"

"ನೀರಿನ ಕಟ್ಟಳೆ ನಮಗೆ ಕೊಟ್ಟದ್ದು. ದೇವರು ಅದಕ್ಕೆ ಕಟ್ಟುಬಿದ್ದವನಲ್ಲ. ಅದರಾಚೆ ನನಗೆ ಗೊತ್ತಿಲ್ಲ" ಎಂದರು ಫಾದರ್. ಗೊತ್ತಿಲ್ಲ ಎಂದ ಆ ಮನುಷ್ಯನ ಮೇಲೆ ನನಗೆ ಇಂದಿಗೂ ಗೌರವವಿದೆ. ಆದರೆ ಆ ಹೊತ್ತಿಗೆ ಅವರ ಗಡ್ಡ ಹಿಡಿದು ಜಗ್ಗಬೇಕು ಅನ್ನಿಸಿತ್ತು.

ಆಯಿ ತಂಬಿಗೆಯ ನೀರನ್ನು ಬೇವಿನ ಬುಡಕ್ಕೆ ಸುರಿದಳು. "ನಿಮ್ಮ ಜಪದಾಗ ದೇವರಿಗಿ ಹೇಳಿಬಿಡ್ರಿ" ಎಂದಳು. "ಅಂವ ಸ್ವರ್ಗದ ಒಳಗ ಇಲ್ಲಂದ್ರ ನಾನೂ ಒಳಗ ಹೋಗಂಗಿಲ್ಲ."

ಫಾದರ್ ಬೈಯಲಿಲ್ಲ. "ಹೇಳುತ್ತೇನೆ" ಎಂದರು.

ಆ ಸಂಜೆ ದೀಪ ಹಚ್ಚಿ ಎಲ್ಲರೂ ಜಪಸರಕ್ಕೆ ಕೂತೆವು. ಜಪ ಮುಗಿಯಿತು. ಆಯಿ ತಮ್ಮನನ್ನು ಕರೆಯುವ ಹೊತ್ತು ಬಂತು. ಅಪ್ಪ ನೆಲ ನೋಡುತ್ತ ಕೂತ, ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಆಯಿಯ ಮುಖವನ್ನೇ ನೋಡುತ್ತಿದ್ದೆ. ಅವಳು ಮಾಡಿನ ಕಡೆ ಮುಖ ಎತ್ತಲಿಲ್ಲ. ಎತ್ತ ನೋಡಬೇಕು ತಿಳಿಯದೆ ಬಾಗಿಲಾಚೆಯ ಕತ್ತಲೆಯ ಕಡೆ ತಿರುಗಿದಳು. ಏನನ್ನೂ ಬೇಡಲಿಲ್ಲ.

"ಮಗಾ, ಎಲ್ಲಿದ್ದೀಯೋ ಅಲ್ಲೇ ಇರು" ಎಂದಳು. "ನಾ ಬರತೀನಿ."