ಮಾವನ ಎಡಗಾಲು

ನನ್ನ ಸೋದರಮಾವ ತಮ್ಮ ಹಳೆಯ ಜೀಪನ್ನು ಯಾವ ಮೆಕ್ಯಾನಿಕ್‌ಗೂ ಮುಟ್ಟಲು ಬಿಟ್ಟವರಲ್ಲ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಆ ಗಾಡಿ ಈಚೆಗೆ ಮನೆಯ ಮುಂದಿನ ಏರಿನಲ್ಲಿ ಬರೀ ಅರಚುತ್ತಿತ್ತು, ಹತ್ತುತ್ತಿರಲಿಲ್ಲ. ಸುಟ್ಟ ವಾಸನೆ ಬೇರೆ. ಭಾನುವಾರದೊಳಗೆ ಏರು ಹತ್ತದಿದ್ದರೆ ಗುಜರಿಗೆ ಎಂದು ಅತ್ತೆ ಹೇಳಿದ್ದರು. ಅತ್ತೆ ಮಾತು ತಪ್ಪಿದ ದಾಖಲೆ ನಮ್ಮ ವಂಶದಲ್ಲಿಲ್ಲ.

ಮಾವ ಹ್ಯಾಂಡ್‌ಬ್ರೇಕ್ ಎಳೆದು, ಟಾಪ್ ಗೇರ್ ಹಾಕಿ, ಕ್ಲಚ್ ಬಿಟ್ಟರು. ನಿಂತುಹೋಗಬೇಕಿದ್ದ ಇಂಜಿನ್ ಆರಾಮಾಗಿ ಓಡುತ್ತಲೇ ಇತ್ತು.

"ಕ್ಲಚ್ ಜಾರ್ತಿದೆ ಕಣೋ. ಪ್ಲೇಟ್ ಸವೆದಿದೆ."

ಗೇರ್‌ಬಾಕ್ಸ್ ಇಳಿಸಿ ಹೊಸ ಪ್ಲೇಟ್ ಹಾಕಿದೆವು. ಹಾಕಿದವರು ಮಾವ; ಕೇಳಿದ ಸ್ಪ್ಯಾನರ್ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೊಟ್ಟವನು ನಾನು.

ಭಾನುವಾರ ಅತ್ತೆ ಮಾವನ ಪಕ್ಕ ಕೂತರು, ನಾನು ಹಿಂದೆ. ಅರ್ಧ ಏರಿಗೆ ಅದೇ ಅರಚಾಟ, ಅದೇ ವಾಸನೆ.

"ರೀ, ನಿಮ್ಮ ಎಡಗಾಲು ಎಲ್ಲಿದೆ?"

"ಕ್ಲಚ್ ಮೇಲೆ."

"ಯಾಕೆ ತುಳೀತಿದ್ದೀರಿ?"

"ತುಳೀತಿಲ್ಲ ಕಣೇ, ಸುಮ್ನೆ ಇಟ್ಟಿದ್ದೀನಿ. ಕಾಲಿಗೂ ಒಂದು ಜಾಗ ಬೇಡ್ವಾ?"

"ಯಾವಾಗ್ಲೂ ಹೀಗೆ ಒತ್ಕೊಂಡೇ ಇದ್ರೆ ಅದು ಜಾರ್ದೆ ಇನ್ನೇನು ಮಾಡುತ್ತೆ? ಇಳೀರಿ."

ಮದುವೆಗೆ ಮುಂಚೆ ಟ್ರ್ಯಾಕ್ಟರ್ ಓಡಿಸಿದ್ದ ಅತ್ತೆ ಸ್ಟಿಯರಿಂಗ್ ಹಿಡಿದರು. ಜೀಪು ತುಟಿಪಿಟಿಕ್ಕೆನ್ನದೆ ಏರು ಹತ್ತಿತು.

ಗಾಡಿ ಗುಜರಿಗೆ ಹೋಗಲಿಲ್ಲ. ಈಗ ಅತ್ತೆ ಓಡಿಸುತ್ತಾರೆ, ಮಾವ ಪಕ್ಕದಲ್ಲಿ ಕೂರುತ್ತಾರೆ. ಏರು ಬಂದಾಗಲೆಲ್ಲ ಅವರ ಎಡಗಾಲು ತನ್ನಷ್ಟಕ್ಕೆ ತಾನೇ ಮುಂದೆ ಸರಿದು ನೆಲ ಒತ್ತುತ್ತದೆ.

"ಅಲ್ಲಿ ಎಷ್ಟು ಬೇಕಾದ್ರೂ ಒತ್ಕೊಳ್ಳಿ," ಎನ್ನುತ್ತಾರೆ ಅತ್ತೆ, ರಸ್ತೆಯಿಂದ ಕಣ್ಣು ತೆಗೆಯದೆ.